ಬಾಹ್ಯಾಕಾಶ ನಿಲ್ದಾಣದ ನೀರು: ಹೊತ್ತು ತಂದದ್ದು, ಸೋಸಿ ಕುಡಿದದ್ದು

2024ರ ಜೂನ್ 5ರಂದು ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಹೊರಡುವ ಮುಂಚೆ ಅವರ ಬಟ್ಟೆಬರೆ ಇದ್ದ ಸೂಟ್‌ಕೇಸ್‌ಗಳನ್ನು ನೌಕೆಯಿಂದ ಇಳಿಸಿದರು. ಆ ಜಾಗಕ್ಕೆ ಸುಮಾರು 70 ಕಿಲೋ ತೂಕದ ಒಂದು ಪಂಪ್ ಏರಿಸಿದರು. ನಿಲ್ದಾಣದಲ್ಲಿ ಮೂತ್ರವನ್ನು ಮತ್ತೆ ನೀರಾಗಿಸುವ ಯಂತ್ರದ ಪಂಪ್ ಕೆಟ್ಟುಹೋಗಿತ್ತು. ಅದು ಸರಿಹೋಗುವ ತನಕ ಅಲ್ಲಿದ್ದವರು ಮೂತ್ರವನ್ನು ಚೀಲಗಳಲ್ಲಿ ತುಂಬಿಡಬೇಕಿತ್ತು. ಬಟ್ಟೆ ಇಲ್ಲದಿದ್ದರೆ ಹೇಗೋ ನಡೆಯುತ್ತದೆ, ಈ ಪಂಪ್ ಇಲ್ಲದಿದ್ದರೆ ನಡೆಯುವುದಿಲ್ಲ ಎಂಬುದು ಆ ಹೊತ್ತಿನ ಲೆಕ್ಕ. ಒಂದು ವಾರಕ್ಕೆಂದು ಹೊರಟಿದ್ದ ಅವರಿಬ್ಬರು ಒಂಬತ್ತು ತಿಂಗಳು ಅಲ್ಲೇ ಉಳಿಯಬೇಕಾಯಿತು. ಅಷ್ಟೂ ದಿನ ಅವರು ಕುಡಿದದ್ದು ಹೆಚ್ಚಾಗಿ ಹಾಗೆ ಶುದ್ಧಮಾಡಿದ ನೀರನ್ನೇ.

ಸಾಗರದ ನಮ್ಮ ಕೇರಿಯಲ್ಲಿ ಈ ಸುದ್ದಿ ಹೇಳಿದಾಗ ಪಕ್ಕದ ಮನೆಯ ಅಡಿಕೆ ತೋಟದ ಅಣ್ಣಯ್ಯ ಮುಖ ಕಿವುಚಿ, "ಥೋ, ಅದನ್ನೇ ಸೋಸಿ ಕುಡೀತಾರಂತಾ ಮಾರಾಯಾ?" ಅಂದರು. ಮಲೆನಾಡಿನವರಿಗೆ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಗುಡ್ಡದ ಅಬ್ಬಿ ನೀರು ತಾನಾಗಿಯೇ ಹರಿದು ಮನೆಯ ಬಾಗಿಲಿಗೆ ಬರುವುದನ್ನು ನೋಡಿ ಬೆಳೆದವರು ನಾವು. ಆದರೆ ಅಣ್ಣಯ್ಯ ಕೇಳಿದ ಪ್ರಶ್ನೆಯನ್ನು ಬಾಹ್ಯಾಕಾಶ ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಉತ್ತರ ಸಿಗಲು ಮೂವತ್ತು ವರ್ಷದ ಮೇಲೆ ಹಿಡಿಯಿತು.

ಮೊದಮೊದಲು ಎಲ್ಲವನ್ನೂ ಕೆಳಗಿನಿಂದಲೇ ಹೊರಬೇಕಿತ್ತು. 1971ರಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಸಲ್ಯೂತ್-1 ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಸುಮಾರು 2,700 ಲೀಟರ್ ನೀರನ್ನು ಟ್ಯಾಂಕುಗಳಲ್ಲಿ ತುಂಬಿಕೊಂಡೇ ಮೇಲೆ ಹೋಯಿತು. ಮೂರು ತಂಡಗಳು ಒಟ್ಟು 171 ದಿನ ಅದರಲ್ಲಿ ಕಳೆದವು. ಅಲ್ಲಿ ಸ್ನಾನದ ವ್ಯವಸ್ಥೆಯೂ ಇತ್ತು. ಆದರೆ ತೂಕವೇ ಇಲ್ಲದ ಕಡೆ ನೀರು ಕೆಳಗೆ ಸುರಿಯುವುದಿಲ್ಲ. ಮೈಗೆ ಅಂಟಿಕೊಳ್ಳುತ್ತದೆ, ಇಲ್ಲವೇ ಉಂಡೆಯಾಗಿ ತೇಲುತ್ತದೆ. ಮೂರು ಲೀಟರಿನಷ್ಟು ನೀರಿನಲ್ಲಿ ಸ್ನಾನ ಮಾಡಿ, ಆಮೇಲೆ ಆ ಹನಿಗಳನ್ನೆಲ್ಲ ಹೀರುಗೊಳವೆಯಿಂದ ಹಿಡಿಯುವಷ್ಟರಲ್ಲಿ ಸಾಕೋಸಾಕು ಅನ್ನಿಸುತ್ತಿತ್ತು. ಇವತ್ತಿನ ನಿಲ್ದಾಣದಲ್ಲಿ ಸ್ನಾನದ ಕೋಣೆಯೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಾರೆ. ಬಟ್ಟೆ ಒಗೆಯುವುದೂ ಇಲ್ಲ. ಹಾಕಿ ಹಾಕಿ ಕೊಳೆಯಾದ ಮೇಲೆ ಕಸದ ಜೊತೆ ಸರಕು ನೌಕೆಗೆ ತುಂಬುತ್ತಾರೆ. ಅದು ವಾತಾವರಣಕ್ಕೆ ಇಳಿಯುವಾಗ ಉರಿದುಹೋಗುತ್ತದೆ.

ಸ್ಕೈಲ್ಯಾಬ್ 1979ರ ಜುಲೈನಲ್ಲಿ ಆಸ್ಟ್ರೇಲಿಯಾದ ಕಡೆ ಬಿತ್ತು. ಅದು ಎಲ್ಲಿ ತಲೆ ಮೇಲೆ ಬೀಳುತ್ತದೋ ಎಂಬ ದಿಗಿಲು ನಮ್ಮ ಹಳ್ಳಿಗಳಿಗೂ ಬಂದಿತ್ತು ಎಂದು ಹಿರಿಯರು ಈಗಲೂ ಹೇಳುತ್ತಾರೆ.

ನೀರನ್ನು ತಿರುಗಿ ಬಳಸುವ ಮೊದಲ ಹೆಜ್ಜೆ ಇಟ್ಟವರು ಸೋವಿಯತ್ತಿನವರು. ಮನುಷ್ಯ ಉಸಿರು ಬಿಟ್ಟಾಗ, ಬೆವರಿದಾಗ ಗಾಳಿಗೆ ತೇವ ಸೇರುತ್ತದೆ. ಮುಚ್ಚಿದ ನೌಕೆಯಲ್ಲಿ ಅದು ಹೊರಗೆ ಹೋಗುವ ದಾರಿಯಿಲ್ಲ. ಆ ತೇವವನ್ನು ತಣ್ಣಗಿನ ಲೋಹದ ಮೇಲೆ ಹಿಡಿದು, ಸೋಸಿ, ಕುಡಿಯುವ ವ್ಯವಸ್ಥೆ 1975ರಲ್ಲಿ ಸಲ್ಯೂತ್-4ರಲ್ಲಿ ಶುರುವಾಯಿತು. ಉಳಿದ ನೀರು ಕೆಳಗಿನಿಂದಲೇ ಬರಬೇಕಿತ್ತು. 1978ರಿಂದ ಪ್ರೋಗ್ರೆಸ್ ಎಂಬ ಸರಕು ನೌಕೆಗಳು ಅದನ್ನು ಹೊತ್ತು ತರತೊಡಗಿದವು.

ಮುಂದೆ ಬಂದ ಸಲ್ಯೂತ್-7 ನಮಗೆ ಗೊತ್ತಿರುವ ನಿಲ್ದಾಣವೇ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಹೋದದ್ದು ಅಲ್ಲಿಗೆ. ಅವರ ಊಟಕ್ಕೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ ತಯಾರಾದ ತಿನಿಸುಗಳೂ ಹೋಗಿದ್ದವು. ಅದಾಗಿ ವರ್ಷವೂ ತುಂಬುವ ಮೊದಲೇ, 1985ರ ಫೆಬ್ರವರಿಯಲ್ಲಿ, ಆ ನಿಲ್ದಾಣ ಸತ್ತಂತಾಯಿತು. ಒಳಗೆ ಯಾರೂ ಇರಲಿಲ್ಲ. ಕರೆಂಟ್ ಹೋಯಿತು, ಭೂಮಿಯ ಜೊತೆ ಸಂಪರ್ಕ ಕಡಿಯಿತು.

ಅದನ್ನು ಬದುಕಿಸಲು ಜೂನ್‌ನಲ್ಲಿ ವ್ಲಾದಿಮಿರ್ ಜಾನಿಬೆಕೋವ್ ಮತ್ತು ವಿಕ್ಟರ್ ಸವಿನಿಖ್ ಹೋದರು. ನಿಲ್ದಾಣದಿಂದ ಯಾವ ಸಂಕೇತವೂ ಬರುತ್ತಿರಲಿಲ್ಲ. ಹಾಗಾಗಿ ಜಾನಿಬೆಕೋವ್ ನೌಕೆಯನ್ನು ಕೈಯಿಂದಲೇ ನಡೆಸಿ ತಂದು ಜೋಡಿಸಿದರು. ಒಳಗೆ ಕತ್ತಲೆ, ಗೋಡೆಯ ಮೇಲೆಲ್ಲ ಹಿಮ. ಇಬ್ಬರೂ ಟೊಪ್ಪಿ, ದಪ್ಪ ಉಡುಪು ಹಾಕಿಕೊಂಡೇ ಕೆಲಸ ಮಾಡಿದರು. ಟ್ಯಾಂಕಿನ ನೀರು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ತಾವು ತಂದ ನೀರು ಕೆಲವೇ ದಿನಕ್ಕೆ ಸಾಲುವಷ್ಟಿತ್ತು. ಟ್ಯಾಂಕಿನದು ಕರಗುವುದರೊಳಗೆ ಅದು ಮುಗಿದರೆ ನಿಲ್ದಾಣವನ್ನು ಬಿಟ್ಟು ವಾಪಸ್ ಬರಬೇಕಿತ್ತು. ಅವರು ಸೌರಫಲಕದ ತಂತಿಗಳನ್ನು ನೇರವಾಗಿ ಬ್ಯಾಟರಿಗಳಿಗೆ ಜೋಡಿಸಿದರು. ತಮ್ಮ ನೌಕೆಯ ಎಂಜಿನ್ನಿನಿಂದ ಇಡೀ ನಿಲ್ದಾಣವನ್ನು ಸೂರ್ಯನ ಕಡೆ ತಿರುಗಿಸಿದರು. ಬ್ಯಾಟರಿ ಚಾರ್ಜ್ ಆಯಿತು, ಒಳಗೆ ಬೆಚ್ಚಗಾಯಿತು, ಮಂಜುಗಡ್ಡೆ ಕರಗಿ ನೀರು ಸಿಕ್ಕಿತು. ಬಾಹ್ಯಾಕಾಶದ ರಿಪೇರಿ ಕೆಲಸಗಳಲ್ಲಿ ಇದಕ್ಕೆ ಸಮನಾದದ್ದು ಮತ್ತೊಂದು ಸಿಗುವುದು ಕಷ್ಟ ಎಂದು ನನಗನ್ನಿಸುತ್ತದೆ. ಆ ಕೆಲಸದ ಗಡುವನ್ನು ನೀರೇ ಇಟ್ಟಿತ್ತು.

1986ರಲ್ಲಿ ಹಾರಿದ ಮೀರ್ ನಿಲ್ದಾಣದಲ್ಲಿ ಮೂತ್ರದಿಂದಲೂ ನೀರು ತೆಗೆದರು. ಆದರೆ ಕುಡಿಯಲಿಲ್ಲ. ಅದನ್ನು ಕರೆಂಟಿನಿಂದ ಒಡೆದು ಉಸಿರಾಡುವ ಆಮ್ಲಜನಕ ಮಾಡಿಕೊಂಡರು. ಅಮೆರಿಕದವರಿಗೆ ಆಗ ಈ ತಲೆನೋವು ಇರಲಿಲ್ಲ. ಅವರ ಸ್ಪೇಸ್ ಶಟಲ್‌ನಲ್ಲಿ ಜಲಜನಕ, ಆಮ್ಲಜನಕ ಸೇರಿಸಿ ಕರೆಂಟ್ ತಯಾರಿಸುತ್ತಿದ್ದರು. ಜೊತೆಗೆ ನೀರು ಪುಕ್ಕಟೆಯಾಗಿ ಸಿಗುತ್ತಿತ್ತು. ಹೆಚ್ಚಾದದ್ದನ್ನು ಚೀಲಕ್ಕೆ ತುಂಬಿ ಮೀರ್‌ಗೂ ಕೊಟ್ಟರು, 2000ದ ನವೆಂಬರ್‌ನಿಂದ ಜನ ವಾಸಿಸತೊಡಗಿದ ಅಂತರರಾಷ್ಟ್ರೀಯ ನಿಲ್ದಾಣಕ್ಕೂ ಕೊಟ್ಟರು.

2003ರ ಫೆಬ್ರವರಿ 1ರಂದು ಕೊಲಂಬಿಯಾ ಶಟಲ್ ಮರಳುವಾಗ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಶಟಲ್ ಹಾರಾಟ ಎರಡೂವರೆ ವರ್ಷ ನಿಂತಿತು. ನಿಲ್ದಾಣಕ್ಕೆ ನೀರು ತರುವ ದೊಡ್ಡ ದಾರಿಯೂ ಅದರ ಜೊತೆಗೇ ಮುಚ್ಚಿತು. ಮೂವರಿದ್ದ ತಂಡವನ್ನು ಇಬ್ಬರಿಗೆ ಇಳಿಸಬೇಕಾಯಿತು. ಇದ್ದ ನೀರು, ಸಾಮಾನು ಅಷ್ಟಕ್ಕೇ ಸಾಲುತ್ತಿತ್ತು. ಹೊರಗಿನಿಂದ ತರುವ ನೀರನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದು ಆಗ ಎಲ್ಲರಿಗೂ ಕಾಣಿಸಿತು.

2008ರ ನವೆಂಬರ್‌ನಲ್ಲಿ ಎಂಡೆವರ್ ಶಟಲ್ ನೀರು ಮರುಬಳಕೆಯ ಯಂತ್ರಗಳನ್ನು ಮೇಲೆ ಒಯ್ದಿತು. ಮೂತ್ರದ ಯಂತ್ರದ ಹೃದಯಭಾಗ ಒಂದು ತಿರುಗುವ ಡ್ರಮ್. ಭೂಮಿಯಲ್ಲಿ ನೀರು ಕುದಿಸಿದರೆ ಹಬೆ ಮೇಲೆ ಹೋಗುತ್ತದೆ, ನೀರು ಕೆಳಗೆ ಉಳಿಯುತ್ತದೆ. ಅಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲ, ಹಬೆ ಮತ್ತು ದ್ರವ ಕಲಸಿಕೊಂಡೇ ಇರುತ್ತವೆ. ಅದಕ್ಕೇ ಡ್ರಮ್ಮನ್ನು ಗಿರಗಿರ ತಿರುಗಿಸಿ ದ್ರವವನ್ನು ಅಂಚಿಗೆ ತಳ್ಳುತ್ತಾರೆ. ಒಳಗಿನ ಒತ್ತಡವನ್ನು ತೀರಾ ಕಡಿಮೆ ಮಾಡುತ್ತಾರೆ. ಹಾಗಾಗಿ ಹೆಚ್ಚು ಬಿಸಿ ಮಾಡದೆಯೇ ಹಬೆ ಏಳುತ್ತದೆ. ಅದನ್ನು ತಣಿಸಿದರೆ ನೀರು. ಇದಕ್ಕೆ ಗಾಳಿಯ ತೇವದಿಂದ ಬಂದ ನೀರನ್ನೂ ಸೇರಿಸಿ, ಹಲವು ಸೋಸುಗಳಲ್ಲಿ ಹಾಯಿಸಿ, ಬಿಸಿಯಾದ ಇನ್ನೊಂದು ಘಟಕದಲ್ಲಿ ಉಳಿದ ರಾಸಾಯನಿಕಗಳನ್ನು ಸುಟ್ಟು, ಕೊನೆಗೆ ಒಂದಿಷ್ಟು ಅಯೋಡಿನ್ ಹಾಕುತ್ತಾರೆ.

ಯಂತ್ರ ಬಂತು ಅಂತ ಅದೇ ದಿನ ಯಾರೂ ಲೋಟ ಎತ್ತಲಿಲ್ಲ. ಡ್ರಮ್ ಪದೇಪದೇ ನಿಂತುಹೋಗಿ ರಿಪೇರಿ ಮಾಡಬೇಕಾಯಿತು. ನೀರಿನ ಮಾದರಿಗಳನ್ನು ಭೂಮಿಗೆ ತಂದು ಪರೀಕ್ಷಿಸಿದರು. ಎಲ್ಲವೂ ಸರಿ ಎಂದಾದ ಮೇಲೆ, 2009ರ ಮೇ 20ರಂದು ಮೈಕಲ್ ಬ್ಯಾರಟ್, ಕೊಯಿಚಿ ವಕಾಟಾ ಮತ್ತು ಗೆನ್ನಡಿ ಪದಾಲ್ಕಾ ಆ ನೀರನ್ನು ಕುಡಿದರು. ಅದೇ ತಿಂಗಳ ಕೊನೆಗೆ ನಿಲ್ದಾಣದ ತಂಡ ಮೂವರಿಂದ ಆರಕ್ಕೆ ಏರಿತು.

ಆಮೇಲೂ ಎಲ್ಲ ಸಲೀಸಾಗಿ ನಡೆಯಲಿಲ್ಲ. ಕೆಲವೇ ತಿಂಗಳಲ್ಲಿ ಯಂತ್ರದೊಳಗೆ ಸುಣ್ಣದಂಥ ಗಸಿ ಕಟ್ಟಿತು. ಕಾರಣ ಹುಡುಕಿದರೆ ಅದು ಗಗನಯಾತ್ರಿಗಳ ಮೂಳೆಯಲ್ಲಿತ್ತು! ತೂಕವಿಲ್ಲದ ಕಡೆ ಮೂಳೆ ತಿಂಗಳಿಗೆ ನೂರಕ್ಕೆ ಒಂದು ಪಾಲಿನಷ್ಟು ಸವೆಯುತ್ತದೆ. ಸವೆದ ಕ್ಯಾಲ್ಸಿಯಂ ಮೂತ್ರಕ್ಕೆ ಸೇರುತ್ತದೆ. ಮೂತ್ರ ಕೆಡದಂತೆ ಹಾಕುತ್ತಿದ್ದ ಗಂಧಕಾಮ್ಲದ ಜೊತೆ ಸೇರಿ ಅದು ಗಟ್ಟಿಯಾಗುತ್ತಿತ್ತು. ಮೂತ್ರದಿಂದ ನೂರಕ್ಕೆ 85 ಪಾಲು ನೀರು ತೆಗೆಯುವ ಗುರಿಯನ್ನು ಕೆಲವು ವರ್ಷ ಇಳಿಸಿಯೇ ನಡೆಸಬೇಕಾಯಿತು. ಗಂಧಕಾಮ್ಲದ ಬದಲು ಫಾಸ್ಪಾರಿಕ್ ಆಮ್ಲ ಬಳಸತೊಡಗಿದ ಮೇಲಷ್ಟೇ ಅದು ಸರಿಹೋಯಿತು. 2010ರಲ್ಲಿ ಶುದ್ಧವಾದ ನೀರಿನಲ್ಲೇ ಇಂಗಾಲದ ಅಂಶ ಏರತೊಡಗಿತು. ಹುಡುಕಿದಾಗ ಸಿಕ್ಕಿದ್ದು ಸಿಲಿಕಾನ್ ಇರುವ ಒಂದು ರಾಸಾಯನಿಕ. ಮೈಗೆ, ಕೂದಲಿಗೆ ಹಚ್ಚುವ ವಸ್ತುಗಳಿಂದ ಹೊಮ್ಮುವ ಆವಿ ಅದರ ಒಂದು ಮೂಲ. ಮುಚ್ಚಿದ ಮನೆಯಲ್ಲಿ ಏನು ಬಳಸಿದರೂ ಒಂದು ದಿನ ಲೋಟಕ್ಕೆ ಬರುತ್ತದೆ, ಅಲ್ವಾ?

ಕೊನೆಗೆ ಉಳಿದದ್ದು ಮೂತ್ರ ಭಟ್ಟಿ ಇಳಿಸಿದ ಮೇಲೆ ಸಿಗುವ ಮಂದ ಉಪ್ಪುನೀರು. 2021ರಲ್ಲಿ ಹೋದ ಹೊಸ ಯಂತ್ರ ಅದರ ಮೇಲೆ ಬೆಚ್ಚಗಿನ ಒಣ ಗಾಳಿ ಹಾಯಿಸಿ ತೇವವನ್ನು ಹೀರುತ್ತದೆ. 2023ರ ಹೊತ್ತಿಗೆ ನಿಲ್ದಾಣದ ಅಮೆರಿಕನ್ ಭಾಗದಲ್ಲಿ ನೂರಕ್ಕೆ 98 ಪಾಲು ನೀರು ವಾಪಸ್ ಸಿಗತೊಡಗಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದ ಮೊದಲ ಭಾರತೀಯರಾದರು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕಳಿಸಿದ ಹೆಸರುಕಾಳು, ಮೆಂತ್ಯ ಅವರ ಕೈಯಲ್ಲಿ ಮೊಳಕೆಯೊಡೆದವು. 2035ಕ್ಕೆ ಭಾರತ ತನ್ನದೇ ನಿಲ್ದಾಣ ಕಟ್ಟಿ ಮುಗಿಸುವ ಗುರಿ ಇಟ್ಟುಕೊಂಡಿದೆ. ಅಲ್ಲಿಗೂ ಇಂಥ ಯಂತ್ರ ಬೇಕೇಬೇಕು.

ಇದೆಲ್ಲ ಸುಮಾರು ನಾನೂರು ಕಿಲೋಮೀಟರ್ ಎತ್ತರದಲ್ಲಿ ನಡೆಯುತ್ತಿದೆ. ಸಾಗರದಿಂದ ಬೆಂಗಳೂರಿಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ. ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ ಸಂಜೆ ಹೊತ್ತು ಆ ನಿಲ್ದಾಣ ನಮ್ಮೂರಿನ ಮೇಲೂ ಹೊಳೆಯುತ್ತಾ ಹಾದುಹೋಗುತ್ತದೆ. ನೋಡುವಾಗೆಲ್ಲ ನನಗೆ ಶರಾವತಿಯ ಯೋಚನೆ ಬರುತ್ತದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ, 2019ರಲ್ಲಿ, ಶಿವಮೊಗ್ಗ ಜಿಲ್ಲೆ ಬೀದಿಗಿಳಿದಿತ್ತು. ಆ ಜಲಾಶಯ ತುಂಬಿದಾಗಲೂ 1,819 ಅಡಿಯಲ್ಲಿದೆ, ಬೆಂಗಳೂರು ಮೂರು ಸಾವಿರ ಅಡಿಯ ಆಸುಪಾಸಿನಲ್ಲಿದೆ. ಅಂದರೆ ನೀರನ್ನು ಅಷ್ಟು ದೂರ ಒಯ್ಯುವುದರ ಜೊತೆಗೆ ಅಷ್ಟು ಎತ್ತರಕ್ಕೆ ಎತ್ತಬೇಕು. ಅಣೆಕಟ್ಟಿಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳು ಇವತ್ತಿಗೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿವೆ.

ಬೆಂಗಳೂರಿನಲ್ಲಿ ಬಳಸಿದ ನೀರೇನೂ ಸುಮ್ನೆ ಮಾಯವಾಗುವುದಿಲ್ಲ. 2018ರಿಂದ ಅದನ್ನು ಎರಡು ಹಂತ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್ ಆ ಯೋಜನೆಯ ಗುರಿ. ಬತ್ತಿದ ಕೆರೆಗಳಿಗೆ ನೀರು ಬಂದದ್ದು ನಿಜ. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ಅಲ್ಲಿನ ಜನ ಕೇಳುತ್ತಿರುವುದೂ ನಿಜ. ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಬಾಹ್ಯಾಕಾಶದಲ್ಲಿ ಪ್ರಾಣವನ್ನೇ ಪಣಕ್ಕಿಟ್ಟು ಹೋದವರೂ ಆರು ತಿಂಗಳು ಪರೀಕ್ಷೆ ಮಾಡಿಸಿಯೇ ಲೋಟ ಎತ್ತಿದ್ದು. ಶರಾವತಿ ಉಳಿಯಲಿ ಎಂದು ಕೂಗುವ ನಾವು ಕೋಲಾರದವರ ಈ ಬೇಡಿಕೆಗೂ ದನಿಗೂಡಿಸಬೇಕು. ಬೆಂಗಳೂರಿನ ಬಳಸಿದ ನೀರು ನಂಬಿಕೆಗೆ ಅರ್ಹವಾಗುವಷ್ಟು ಶುದ್ಧವಾಗತೊಡಗಿದರೆ, ಲಿಂಗನಮಕ್ಕಿಗೆ ಪೈಪ್ ಹಾಕುವ ಮಾತಿಗೆ ಇರುವ ದೊಡ್ಡ ನೆಪವೇ ಹೋಗುತ್ತದೆ.