ಡಿಗ್ರಿ ಕೈಯಲ್ಲಿದೆ, ಕುರ್ಚಿ ಎಲ್ಲಿದೆ?

ಆಸ್ಟ್ರಿಯಾದ ಸಂಗೀತ ರಚನಕಾರ ಬ್ರಕ್ನರ್‌ನ ನಾಲ್ಕನೇ ಸಿಂಫನಿ ಶುರುವಾಗುವುದು ಒಂದು ಸಣ್ಣ ನಡುಕದಿಂದ. ತಂತಿವಾದ್ಯದವರೆಲ್ಲ ಕಮಾನನ್ನು ತಂತಿಯ ಮೇಲೆ ಸಣ್ಣಗೆ, ಬೇಗಬೇಗ ಅಲುಗಿಸುತ್ತಾರೆ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸದ್ದು. ಅದರ ಮೇಲೆ ಹಾರ್ನ್ ಅನ್ನುವ ಹಿತ್ತಾಳೆಯ ಊದುವಾದ್ಯ, ಒಂದೇ ಒಂದು, ದೂರದಿಂದ ಕರೆದ ಹಾಗೆ ಏಳುತ್ತದೆ.

ಲಂಡನ್ನಿನ ಒಂದು ರಿಹರ್ಸಲ್‌ನಲ್ಲಿ ನಾನು ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಹಿಡಿದು ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಆಗಷ್ಟೇ ಸಂಗೀತ ಕಾಲೇಜು ಮುಗಿಸಿದ ಹುಡುಗಿ. ಕೈ ಬಹಳ ಚೆನ್ನಾಗಿತ್ತು. ಆದರೆ ಆ ನಡುಕದಲ್ಲಿ ಅವಳದೊಂದು ವಿಯೋಲಾ ಬೇರೆಯಾಗಿ ಕೇಳುತ್ತಿತ್ತು. ಸ್ವರ ತಪ್ಪಿರಲಿಲ್ಲ, ಸ್ಪಷ್ಟತೆ ಜಾಸ್ತಿಯಾಗಿತ್ತು. ವಿರಾಮದಲ್ಲಿ ನನ್ನ ಕಮಾನು ತೋರಿಸಿದೆ. ಕಮಾನಿನ ತುದಿಗೆ ಹೋಗು, ಎರಡು ಬೆರಳಗಲ ಕೂದಲು ಸಾಕು, ಕಮಾನನ್ನು ತಂತಿ ಹೊತ್ತ ಬ್ರಿಜ್‌ನಿಂದ ದೂರ, ಬೆರಳೊತ್ತುವ ಫಿಂಗರ್‌ಬೋರ್ಡ್ ಮೇಲಕ್ಕೆ ಸರಿಸು. ನಿನ್ನ ಸದ್ದು ನಿನಗೇ ಕೇಳಬಾರದು, ಹಾರ್ನ್ ಮಾತ್ರ ಕೇಳಬೇಕು. ಮುಂದಿನ ಸಲ ಅವಳು ನಮ್ಮೊಳಗೆ ಕರಗಿಹೋದಳು. ಎರಡು ನಿಮಿಷದ ಮಾತು ಅಷ್ಟೇ. ನಾಲ್ಕು ವರ್ಷದ ಕಾಲೇಜಿನಲ್ಲಿ ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ.

ನಮ್ಮೂರಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು ನೆನಪಾಗುತ್ತದೆ, ಅಲ್ವಾ? ನಾನು ಹೇಳುತ್ತಿರುವುದು ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ಕೂತು ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಆರ್ಕೆಸ್ಟ್ರಾ. ಅದರಲ್ಲಿ ಕೆಲಸ ಮಾಡಲು ಬೇಕಾದ್ದು ಒಂದು, ಕಾಲೇಜು ಹೆಚ್ಚಾಗಿ ಕಲಿಸುವುದು ಇನ್ನೊಂದು. ಕಾಲೇಜಿನಲ್ಲಿ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಕನ್ಚೆರ್ಟೊ, ಅಂದರೆ ಒಬ್ಬರೇ ಮುಂದೆ ನಿಂತು ನುಡಿಸುವ ಕೃತಿ, ಅಭ್ಯಾಸ ಮಾಡುತ್ತಾರೆ. ಕಾಲೇಜಿಗೂ ಆರ್ಕೆಸ್ಟ್ರಾ ಇರುತ್ತದೆ, ನಿಜ. ಆದರೆ ಒಂದು ಕಛೇರಿಗೆ ವಾರಗಟ್ಟಲೆ ಅಭ್ಯಾಸ ನಡೆಯುತ್ತದೆ, ಪಕ್ಕದಲ್ಲಿ ಕೂರುವವರೂ ವಿದ್ಯಾರ್ಥಿಗಳೇ. ಹೊರಗೆ ಬಂದರೆ ಎರಡು ಮೂರು ರಿಹರ್ಸಲ್, ಕೆಲವೊಮ್ಮೆ ಬೆಳಿಗ್ಗೆ ಒಂದೇ ರಿಹರ್ಸಲ್, ಸಂಜೆ ಕಛೇರಿ.

ಮುಂದೆ ನಿಂತು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೋಲು ಇಳಿಸಿದ ತಕ್ಷಣ ಸದ್ದು ಬರುವುದಿಲ್ಲ. ಒಳ್ಳೆಯ ಆರ್ಕೆಸ್ಟ್ರಾಗಳು ಕೋಲಿಗಿಂತ ಒಂದು ಉಸಿರು ತಡವಾಗಿಯೇ ನುಡಿಸುತ್ತವೆ. ಆ ಉಸಿರು ಎಷ್ಟು ಉದ್ದ ಅಂತ ಎಲ್ಲೂ ಬರೆದಿಲ್ಲ. ಮುಂದೆ ಕೂತವರ ಭುಜ, ಕಮಾನಿನ ಹಿಡಿ ನೋಡಿ ಹಿಡಿಯಬೇಕು. ಹೊಸಬರು ಕೋಲನ್ನೇ ನೋಡಿ ಎಲ್ಲರಿಗಿಂತ ಮೊದಲು ಬಂದುಬಿಡುತ್ತಾರೆ. ಸ್ವರದ ಪುಟ ಇಟ್ಟ ಒಂದು ಸ್ಟ್ಯಾಂಡಿಗೆ ಇಬ್ಬರು ಕೂರುತ್ತೇವೆ. ಪುಟ ತಿರುಗಿಸುವುದು ಒಳಗಡೆ, ಅಂದರೆ ಸಭಿಕರಿಂದ ದೂರದ ಕುರ್ಚಿಯಲ್ಲಿ ಕೂತವರ ಕೆಲಸ, ಆಗ ಹೊರಗಡೆಯವರು ನುಡಿಸುತ್ತಲೇ ಇರಬೇಕು. ನಮ್ಮ ವಾದ್ಯಕ್ಕೆ ಬರೆದ ಭಾಗ ಎರಡು ಸಾಲಾಗಿ ಒಡೆದರೆ ಮೇಲಿನ ಸಾಲು ಹೊರಗಿನವರಿಗೆ, ಕೆಳಗಿನದು ಒಳಗಿನವರಿಗೆ. ಕಮಾನಿನ ದಿಕ್ಕು ಬದಲಾದರೆ ಸುದ್ದಿ ಮುಂದಿನ ಸ್ಟ್ಯಾಂಡಿನಿಂದ ಹಿಂದಕ್ಕೆ ಪಿಸುಮಾತಲ್ಲಿ ಬರುತ್ತದೆ, ಕೂಡಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು.

ನನ್ನ ಮೊದಲ ಸಂಬಳದ ಕಛೇರಿಗೆ ನಾನು ಪೆನ್ಸಿಲ್ ಒಯ್ದಿರಲಿಲ್ಲ. ಬೆಳಿಗ್ಗೆ ಬದಲಾದ ಗುರುತು ಸಂಜೆಗೆ ಮರೆತುಹೋಯಿತು. ಎಲ್ಲರ ಕಮಾನು ಕೆಳಗೆ ಬರುವಾಗ ನನ್ನದೊಂದು ಮೇಲಕ್ಕೆ ಹೋಯಿತು. ಪಕ್ಕದ ಹಿರಿಯರು ಏನೂ ಅನ್ನಲಿಲ್ಲ. ಮಧ್ಯಂತರದಲ್ಲಿ ತಮ್ಮ ಪೆನ್ಸಿಲ್ ತೆಗೆದು ಸ್ಟ್ಯಾಂಡಿನ ಮೇಲಿಟ್ಟರು. ನಾನು ಇವತ್ತಿಗೂ ಎರಡು ಪೆನ್ಸಿಲ್ ಇಟ್ಟುಕೊಳ್ಳುತ್ತೇನೆ, ಒಂದು ಪಕ್ಕದವರಿಗೆ.

ಇದೆಲ್ಲ ಅಲ್ಲಿ ಕೂತೇ ಕಲಿಯಬೇಕು. ಯಕ್ಷಗಾನ ಮೇಳದಲ್ಲಿ ಹುಡುಗರು ಕೋಡಂಗಿ, ಬಾಲಗೋಪಾಲ ವೇಷ ಕಟ್ಟುತ್ತಾ ರಂಗ ಕಲಿಯುತ್ತಿದ್ದ ಹಾಗೆ. ತೊಂದರೆ ಇರುವುದು ಕೂರಲು ಬಿಡುವವರು ಯಾರು ಅನ್ನುವುದರಲ್ಲಿ. ಬ್ರಿಟನ್ನಿನಲ್ಲಿ ಆಡಿಷನ್ ಪಾಸಾದರೆ ಕೆಲಸ ಸಿಗುವುದಿಲ್ಲ, ಟ್ರಯಲ್ ಸಿಗುತ್ತದೆ. ಕರೆದಾಗಲೆಲ್ಲ ಹೋಗಿ ಅವರ ಜೊತೆ ನುಡಿಸಬೇಕು. ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಜರ್ಮನಿಯಲ್ಲಿ ಆಡಿಷನ್ ಗೆದ್ದ ಮೇಲೆ ಪರೀಕ್ಷೆಯ ಅವಧಿ ಇರುತ್ತದೆ, ಕೊನೆಗೆ ವಾದಕರೇ ಮತ ಹಾಕುತ್ತಾರೆ. ಅಮೆರಿಕದಲ್ಲಿ ಪರದೆಯ ಹಿಂದೆ ನಿಂತು ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ನ ‘ಡಾನ್ ಜುವಾನ್’ ಕೃತಿಯ ಮೊದಲ ಪುಟದಂಥ ತುಣುಕುಗಳನ್ನು ನುಡಿಸಬೇಕು, ಆಮೇಲೆ ಅಲ್ಲೂ ಪರೀಕ್ಷೆಯ ಅವಧಿ. ಎಲ್ಲ ಕಡೆಯೂ ಕೊನೆಗೆ ನೋಡುವುದು ಒಂದನ್ನೇ: ಈ ವ್ಯಕ್ತಿ ಪಕ್ಕದಲ್ಲಿ ಕೂತರೆ ನಮ್ಮ ಕೆಲಸ ಹಗುರಾಗುತ್ತದೋ, ಭಾರವಾಗುತ್ತದೋ? ಅನುಭವವೇ ಇಲ್ಲದ ಇಪ್ಪತ್ತಮೂರರ ಹುಡುಗ ಇದಕ್ಕೆ ಹೇಗೆ ತಯಾರಾಗಬೇಕು?

ಈ ಕಂದಕಕ್ಕೆ ಸೇತುವೆ ಕಟ್ಟಿದವರಿದ್ದಾರೆ. ಬರ್ಲಿನ್ ಫಿಲ್‌ಹಾರ್ಮನಿಕ್‌ನ ಕಾರಾಯಾನ್ ಅಕಾಡೆಮಿ 1972ರಲ್ಲಿ ಶುರುವಾಯಿತು. ಎರಡು ವರ್ಷ ಆರ್ಕೆಸ್ಟ್ರಾದವರಿಂದಲೇ ಪಾಠ, ಅವರ ಜೊತೆಯಲ್ಲೇ ಕಛೇರಿ. ಇವತ್ತು ಆ ಆರ್ಕೆಸ್ಟ್ರಾದಲ್ಲಿ ಕೂತಿರುವ ಹಲವರು ಅಲ್ಲಿಂದ ಬಂದವರೇ. ಮಯಾಮಿ ಬೀಚ್‌ನ ನ್ಯೂ ವರ್ಲ್ಡ್ ಸಿಂಫನಿಯನ್ನು ಕಂಡಕ್ಟರ್ ಮೈಕಲ್ ಟಿಲ್ಸನ್ ಥಾಮಸ್ 1987ರಲ್ಲಿ ಕಟ್ಟಿದರು. ಅಲ್ಲಿಯ ವಾದಕರೆಲ್ಲ ಕಾಲೇಜು ಮುಗಿಸಿದ ಯುವಕ ಯುವತಿಯರು. ಲಂಡನ್ ಸಿಂಫನಿ ಆರ್ಕೆಸ್ಟ್ರಾ 1992ರಿಂದ ತಂತಿವಾದ್ಯದ ವಿದ್ಯಾರ್ಥಿಗಳನ್ನು ತನ್ನ ಸಾಲಿನಲ್ಲೇ ಕೂರಿಸಿಕೊಂಡು, ಹೆಚ್ಚುವರಿ ವಾದಕರಿಗೆ ಕೊಡುವ ಹಾಗೆ ಹಣ ಕೊಟ್ಟು ನುಡಿಸುತ್ತಿದೆ.

ನನಗೆ ತುಂಬ ಹಿಡಿಸಿದ್ದು ಲಂಡನ್ನಿನ ಹೊಸಬರ ಆರ್ಕೆಸ್ಟ್ರಾ, ಸೌತ್‌ಬ್ಯಾಂಕ್ ಸಿನ್‌ಫೋನಿಯಾ. ಕಂಡಕ್ಟರ್ ಸೈಮನ್ ಓವರ್ 2002ರಲ್ಲಿ ಶುರು ಮಾಡಿದರು, ಈಗ ಅದರ ಹೆಸರು ಸಿನ್‌ಫೋನಿಯಾ ಸ್ಮಿತ್ ಸ್ಕ್ವೇರ್. ಬೇರೆ ಬೇರೆ ದೇಶದ ಮೂವತ್ತಕ್ಕೂ ಹೆಚ್ಚು ಹೊಸ ಪದವೀಧರರು, ಒಂದು ವರ್ಷ, ಕೈಗೆ ಭತ್ಯೆ. ಆಫೀಸು ಬಿಡುವ ಹೊತ್ತಿನಲ್ಲಿ ವಾಟರ್‌ಲೂ ಹತ್ತಿರದ ಚರ್ಚಿನಲ್ಲಿ ಉಚಿತ ಕಛೇರಿ ಕೊಡುತ್ತಿದ್ದರು. ದೊಡ್ಡ ಆರ್ಕೆಸ್ಟ್ರಾಗಳವರು ಬಂದು ಇವರ ಪಕ್ಕದಲ್ಲೇ ಕೂತು ನುಡಿಸುತ್ತಿದ್ದರು. ನ್ಯಾಷನಲ್ ಥಿಯೇಟರಿನ ‘ಅಮೇಡಿಯಸ್’ ನಾಟಕದಲ್ಲಂತೂ ಇವರು ರಂಗದ ಮೇಲೆಯೇ ವಾದ್ಯ ಹಿಡಿದು ನಿಂತಿದ್ದರು. ದಿನಾ ಅದೇ ನಾಟಕ, ದಿನಾ ಅಷ್ಟೇ ಚೆನ್ನಾಗಿ ನುಡಿಸಬೇಕು. ವೃತ್ತಿ ಅಂದರೆ ಅದೇ ತಾನೇ?

ಆ ಭತ್ಯೆ ಬಹಳ ಮುಖ್ಯ. ಹಣ ಕೊಡದೆ ‘ಅನುಭವ ಸಿಗುತ್ತಲ್ಲ’ ಅಂತ ಹೊಸಬರನ್ನು ಕರೆಯುವವರೂ ಇದ್ದಾರೆ. ನನ್ನನ್ನೂ ಒಂದು ತಂಡ ಹಾಗೆಯೇ ಒಂದು ಇಡೀ ಸೀಸನ್ ಸುಮ್ನೆ ದುಡಿಸಿಕೊಂಡಿತು. ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಬೆಳಿಗ್ಗೆ ರಿಹರ್ಸಲ್‌ಗೆ ಹೋಗುತ್ತಿದ್ದೆ, ಬೆರಳ ಚರ್ಮ ಮೆತ್ತಗಾಗಿ ತಂತಿ ಒತ್ತಿದರೆ ನೋವು. ಅನುಕೂಲಸ್ಥರ ಮಕ್ಕಳು ಮಾತ್ರ ಉಳಿದುಕೊಳ್ಳುವ ದಾರಿ ಅದು. ದಯವಿಟ್ಟು ಅದನ್ನು ತರಬೇತಿ ಅನ್ನಬೇಡಿ.

ಹಾಗಾದರೆ ಹಣ ಎಲ್ಲಿಂದ? ಈ ಪ್ರಶ್ನೆಗೆ ಮೈಸೂರಿನವರು ಒಂದು ಕಾಲಕ್ಕೆ ಉತ್ತರ ಕೊಟ್ಟಿದ್ದರು. ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದರು. ಕೆಲ ವರ್ಷಗಳ ನಂತರ ಅದಕ್ಕೆ ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ನೆರವು ಕೊಡಲು ಮುಂದಾದವರು ಜಯಚಾಮರಾಜೇಂದ್ರ ಒಡೆಯರ್. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿದ್ದು ಅವರ ಹಣದ ಭರವಸೆಯಿಂದ. ಆ ಹೆಸರನ್ನು ಇಲ್ಲಿ ಯಾರಾದರೂ ಎತ್ತಿದರೆ ನನಗೆ ಮನೆಯವರ ಸುದ್ದಿ ಕೇಳಿದಷ್ಟು ಸಂತೋಷ.

ಬೆಂಗಳೂರಿನಿಂದ ಮಕ್ಕಳನ್ನು ಹೊರಗೆ ಓದಲು ಕಳಿಸಿದ ತಂದೆತಾಯಿ ನನಗೆ ಫೋನ್ ಮಾಡುತ್ತಾರೆ. ಭಾರತದಲ್ಲಿ ವೃತ್ತಿಪರ ಆರ್ಕೆಸ್ಟ್ರಾ ಅಂತ ಇರುವುದು ಮುಂಬೈನ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, 2006ರಲ್ಲಿ ಶುರುವಾದದ್ದು. ಅಲ್ಲಿ ಜಾಗ ಕಡಿಮೆ, ಆದ್ದರಿಂದ ಮಕ್ಕಳು ಹೊರಗೇ ದಾರಿ ಹುಡುಕಬೇಕಾಗುತ್ತದೆ. ಡಿಗ್ರಿ ಮುಗಿಯುವವರೆಗೆ ಕಾಯಬೇಡಿ, ಇಂಥ ಯೋಜನೆಗಳಿಗೆ ಕೊನೆಯ ವರ್ಷದಲ್ಲೇ ಅರ್ಜಿ ಹಾಕಿಸಿ. ವಯಸ್ಸಿನ ಮಿತಿ, ವೀಸಾ ಎರಡನ್ನೂ ಮೊದಲೇ ನೋಡಿ. ಕನ್ಚೆರ್ಟೊ ಜೊತೆ ದಿನಕ್ಕೊಂದು ಆರ್ಕೆಸ್ಟ್ರಾ ತುಣುಕು ಅಭ್ಯಾಸವಾಗಲಿ, ಅದೂ ಇಡೀ ಸಿಂಫನಿ ಕೇಳಿದ ಮೇಲೆ. ತಮ್ಮ ಸಾಲಿನ ಸದ್ದಿನ ಕೆಳಗೆ ಮಂದ್ರ ದನಿಯ ತಂತಿವಾದ್ಯ ಚೆಲ್ಲೊ ಏನು ಮಾಡುತ್ತಿದೆ ಗೊತ್ತಿರಬೇಕು. ಆರ್ಕೆಸ್ಟ್ರಾ ಆಫೀಸಿನಿಂದ ಫೋನ್ ಬಂದರೆ ಕೂಡಲೇ ಎತ್ತಲಿ. ಬದಲಿ ವಾದಕ ಬೇಕಾದಾಗ ಅವರು ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುವುದು ಕೆಲವೇ ನಿಮಿಷದಲ್ಲಿ. ನಮ್ಮ ಬ್ರಕ್ನರ್ ಹುಡುಗಿಗೆ ಎರಡನೇ ಕರೆ ಬಂದದ್ದೂ ಹಾಗೆಯೇ, ಕಛೇರಿಯ ಹಿಂದಿನ ರಾತ್ರಿ ಒಂಬತ್ತೂವರೆಗೆ.