ಕಡ್ಡಿಯ ಕಟ್ಟು, ಸ್ಥಾನಬೆಲೆ ಕಾರ್ಡು: ಕಡಿಮೆ ವೆಚ್ಚದ ಕಲಿಕೋಪಕರಣಗಳ ಟಿಪ್ಪಣಿ

ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ. ಓದುವಾಗ ಕಡಿಮೆ ವೆಚ್ಚದ ಕಲಿಕೋಪಕರಣಗಳ ಭಾಗ ಬಂದರೆ ನಾವೆಲ್ಲ ಥರ್ಮಾಕೋಲ್, ಬಣ್ಣದ ಕಾಗದ, ಮಿನುಗು ಪುಡಿ ಹಿಡಿದು ಕೂರುತ್ತೇವೆ. ಪ್ರದರ್ಶನದ ದಿನ ಮೇಜಿನ ಮೇಲೆ ಮೆರೆದ ಮಾದರಿ ಮರುವಾರ ಬೀರುವಿನ ಮೇಲೆ ಧೂಳು ಹಿಡಿದು ಕೂತಿರುತ್ತದೆ. ಈ ಟಿಪ್ಪಣಿ ಅಂಥ ಮಾದರಿಗಳದ್ದಲ್ಲ. ಒಂದರಿಂದ ಮೂರನೆಯ ತರಗತಿಯ ಗಣಿತಕ್ಕಾಗಿ, ಮಕ್ಕಳು ದಿನವೂ ಕೈಯಲ್ಲಿ ಹಿಡಿದು ಸವೆಸುವ ಎರಡು ಸಾಮಗ್ರಿಗಳನ್ನು ಮಾಡುವ ಬಗೆ ಮತ್ತು ಅವನ್ನು ಇಡುವ ಕ್ರಮ ಇದರಲ್ಲಿದೆ.

ಒಂದು ಸಾಮಗ್ರಿ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ನಲಿ-ಕಲಿ ಕೋಣೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ ಮತ್ತು ಶಿಕ್ಷಕರ ಪೂರ್ಣ ನೆರವು ಬೇಕಾದವರಿಂದ ಹಿಡಿದು ತಾವೇ ಕಲಿಯಬಲ್ಲವರವರೆಗೆ ಐದು ಗುಂಪುಗಳಾಗುತ್ತಾರೆ. ಶಿಕ್ಷಕಿ ಒಂದು ಗುಂಪಿನ ಬಳಿ ಇದ್ದಾಗ ಉಳಿದ ಗುಂಪುಗಳ ಕೈಯಲ್ಲಿ ಸಾಮಗ್ರಿ ಮಾತ್ರ ಇರುತ್ತದೆ. ಆದ್ದರಿಂದ ತಪ್ಪಿದಾಗ ತಪ್ಪನ್ನು ತಾನೇ ತೋರಿಸಿಕೊಡುವ, ಕೆಲಸ ಮುಗಿದ ಮೇಲೆ ಮಕ್ಕಳ ಕೈಯಿಂದಲೇ ತನ್ನ ಜಾಗಕ್ಕೆ ಮರಳುವ ಸಾಮಗ್ರಿಯನ್ನೇ ನಾನು ಒಳ್ಳೆಯದು ಎನ್ನುತ್ತೇನೆ.

ಕಡ್ಡಿಯ ಕಟ್ಟು

ತೆಂಗಿನ ಗರಿಯ ಕಡ್ಡಿಗಳನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಚೂಪಾದ ತುದಿಗಳನ್ನು ಒರಟು ಕಲ್ಲಿನ ಮೇಲೆ ಉಜ್ಜಿ ಮೊಂಡು ಮಾಡಬೇಕು. ಹತ್ತು ಕಡ್ಡಿಗೆ ಒಂದು ಕಟ್ಟು. ಕಟ್ಟಲು ಹಳೆಯ ಸೈಕಲ್ ಟ್ಯೂಬನ್ನು ಅಡ್ಡಲಾಗಿ ಕತ್ತರಿಸಿದ ತೆಳು ಉಂಗುರಗಳನ್ನು ಎರಡು ಮೂರು ಸುತ್ತು ಹಾಕಿದರೆ ಅವು ಅಂಗಡಿಯ ರಬ್ಬರ್ ಬ್ಯಾಂಡಿಗಿಂತ ಹೆಚ್ಚು ದಿನ ಬಾಳುತ್ತವೆ.

ಹುಣಸೆ ಬೀಜ ಪುಕ್ಕಟೆ ಸಿಗುವಾಗ ಕಡ್ಡಿಯೇ ಏಕೆ ಎಂಬ ಪ್ರಶ್ನೆ ಬರುತ್ತದೆ. ಎಣಿಕೆಗೆ ಬೀಜ ಸಾಕು, ಒಡೆದ ಬೀಜಗಳಿಂದ ಚೌಕಾಬಾರ ಆಡಿಸಿದರೆ ಸಣ್ಣ ಸಂಖ್ಯೆಗಳ ಎಣಿಕೆ ತಾನಾಗಿಯೇ ಗಟ್ಟಿಯಾಗುತ್ತದೆ. ಆದರೆ 42ರಿಂದ 17 ಕಳೆಯುವಾಗ ಮಗು ಒಂದು ಕಟ್ಟನ್ನು ಬಿಚ್ಚಿ, ಎರಡು ಬಿಡಿ ಕಡ್ಡಿಗಳನ್ನು ಹನ್ನೆರಡು ಮಾಡಿಕೊಳ್ಳಬೇಕಾಗುತ್ತದೆ. ‘ದಶಕ ತಂದುಕೊಳ್ಳುವುದು’ ಎಂದು ನಾವು ಬಾಯಲ್ಲಿ ಹೇಳುವ ಕ್ರಿಯೆ ಅಲ್ಲಿ ಕಣ್ಣೆದುರೇ ನಡೆಯುತ್ತದೆ. ಕಟ್ಟುಗಳನ್ನು ನಾವೇ ಸಿದ್ಧಪಡಿಸಿ ಕೊಡದೆ ಮಕ್ಕಳಿಂದಲೇ ಕಟ್ಟಿಸುವುದು ಮುಖ್ಯ. ಸಿದ್ಧ ಕಟ್ಟನ್ನು ಕೊಟ್ಟರೆ ಅದು ಹತ್ತು ಕಡ್ಡಿಗಳ ಗುಂಪು ಎಂಬುದು ಮರೆತು, ದಪ್ಪನೆಯ ಒಂದು ಕಡ್ಡಿಯೆಂದು ಎಣಿಸುವ ಮಕ್ಕಳಿರುತ್ತಾರೆ.

ಸ್ಥಾನಬೆಲೆ ಕಾರ್ಡು

ಮೂವತ್ತೈದು ಬರೆಯಲು ಹೇಳಿದಾಗ 305 ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇರುತ್ತಾರೆ. ಅವರು ಕೇಳಿಸಿಕೊಂಡದ್ದನ್ನೇ ಬರೆದಿರುತ್ತಾರೆ: ಮೊದಲು ಮೂವತ್ತು, ಆಮೇಲೆ ಐದು. ಈ ತೊಡಕಿಗೆ ನನಗೆ ತಿಳಿದ ಅತ್ಯಂತ ಅಗ್ಗದ ಮದ್ದು ಸ್ಥಾನಬೆಲೆ ಕಾರ್ಡು. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿದದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಒಂದು ಜೊತೆಯಲ್ಲಿ 27 ಕಾರ್ಡುಗಳಿರುತ್ತವೆ: 1ರಿಂದ 9, 10ರಿಂದ 90, 100ರಿಂದ 900. ಎಲ್ಲ ಕಾರ್ಡುಗಳ ಎತ್ತರ ಒಂದೇ, ಅಗಲ ಮಾತ್ರ ಬೇರೆ. ಒಂದು ಅಂಕಿಗೆ 4 ಸೆಂ.ಮೀ. ಅಗಲದ ಮನೆ ಎಂದಿಟ್ಟುಕೊಂಡರೆ ಬಿಡಿಯ ಕಾರ್ಡು 4, ಹತ್ತರ ಕಾರ್ಡು 8, ನೂರರ ಕಾರ್ಡು 12 ಸೆಂ.ಮೀ. ಅಗಲವಾಗಿರಬೇಕು ಮತ್ತು ಪ್ರತಿ ಅಂಕಿಯೂ ತನ್ನ ಮನೆಯ ನಟ್ಟನಡುವೆ ಇರಬೇಕು. ಎಲ್ಲವನ್ನೂ ಒಂದೇ ಅಗಲಕ್ಕೆ ಕತ್ತರಿಸಿದರೆ 30ರ ಮೇಲೆ ಇಟ್ಟ 5 ಇಡೀ 30ನ್ನು ಮುಚ್ಚಿಬಿಡುತ್ತದೆ. ಅಳತೆ ಸರಿಯಿದ್ದು ಬಲ ಅಂಚುಗಳನ್ನು ಕೂಡಿಸಿದಾಗ 5 ಮುಚ್ಚುವುದು 30ರ ಸೊನ್ನೆಯನ್ನು ಮಾತ್ರ, ಆಗ ಕಾಣುವುದು 35. ಮೇಲಿನ ಕಾರ್ಡನ್ನು ಎತ್ತಿದರೆ ಸೊನ್ನೆ ಅಲ್ಲಿಯೇ ಇರುತ್ತದೆ. 35ರಲ್ಲಿರುವ 3 ನಿಜವಾಗಿ ಮೂವತ್ತು ಎಂಬುದನ್ನು ಮಗು ಹೀಗೆ ಎತ್ತಿ ನೋಡಿಯೇ ತಿಳಿದುಕೊಳ್ಳುತ್ತದೆ.

ಇನ್ನು ಗೊಂದಲದ ಜಾಗ. ಈ 27ರಲ್ಲಿ 0 ಎಂಬ ಕಾರ್ಡೇ ಇಲ್ಲ. ಹಾಗಿದ್ದರೆ 405 ಮಾಡುವುದು ಹೇಗೆ? ಹತ್ತರ ಸ್ಥಾನಕ್ಕೆ ಸೊನ್ನೆಯ ಕಾರ್ಡು ಬೇಕೆಂದೇ ಮೊದಲು ತೋರುತ್ತದೆ. ಆದರೆ 400ರ ಕಾರ್ಡಿನಲ್ಲಿ ಈಗಾಗಲೇ ಎರಡು ಸೊನ್ನೆಗಳಿವೆ. ಅದರ ಮೇಲೆ ಬಲ ಅಂಚಿಗೆ 5 ಇಟ್ಟರೆ ಕೊನೆಯ ಸೊನ್ನೆ ಮುಚ್ಚುತ್ತದೆ, ನಡುವಿನ ಸೊನ್ನೆಯನ್ನು ಮುಚ್ಚುವ ಹತ್ತರ ಕಾರ್ಡು ಬಾರದಿರುವುದರಿಂದ ಅದು ಹಾಗೆಯೇ ಕಾಣುತ್ತದೆ. 450ರಲ್ಲಿ ಕಾಣುವ ಸೊನ್ನೆ 50ರ ಕಾರ್ಡಿನದು, ಏಕೆಂದರೆ ಬಿಡಿಯ ಕಾರ್ಡು ಬಂದಿಲ್ಲ. 435ಕ್ಕೆ ಮೂರು ಕಾರ್ಡು, 405ಕ್ಕೂ 450ಕ್ಕೂ ಎರಡೆರಡು, 400ಕ್ಕೆ ಒಂದೇ. ಕಾಣುವ ಸೊನ್ನೆ ಎಂದರೆ ಆ ಸ್ಥಾನಕ್ಕೆ ಯಾರೂ ಬಂದಿಲ್ಲ ಎಂಬ ಗುರುತು. ಸೊನ್ನೆಗೆಂದು ಬೇರೆ ಕಾರ್ಡು ಮಾಡಿದರೆ ಈ ಗುರುತಿನ ಅರ್ಥವೇ ಅಳಿಸಿಹೋಗುತ್ತದೆ, ಆದ್ದರಿಂದ ದಯವಿಟ್ಟು ಮಾಡಬೇಡಿ.

ರಟ್ಟಿನ ಲೆಕ್ಕ ನನಗೆ ಬಲು ಇಷ್ಟವಾದ ಭಾಗ. ಹಳೆಯ ಕಚೇರಿ ಫೈಲಿನ ಎರಡು ಬದಿಯ ರಟ್ಟುಗಳಿಂದ ಎ4 ಅಳತೆಯ, ಅಂದರೆ 29.7 ಮತ್ತು 21 ಸೆಂ.ಮೀ. ಇರುವ ಎರಡು ಹಾಳೆ ತೆಗೆಯಿರಿ. ಉದ್ದಕ್ಕೆ 5 ಸೆಂ.ಮೀ. ಎತ್ತರದ ಪಟ್ಟಿ ಕತ್ತರಿಸಿದರೆ ಹಾಳೆಗೆ ನಾಲ್ಕರಂತೆ ಎಂಟು ಪಟ್ಟಿ, ಪ್ರತಿ ಪಟ್ಟಿಯಲ್ಲಿ 4 ಸೆಂ.ಮೀ.ಯ ಏಳು ಮನೆ, ಒಟ್ಟು 56 ಮನೆ. ನಮಗೆ ಬೇಕಾದದ್ದು ನೂರರ ಕಾರ್ಡುಗಳಿಗೆ 27, ಹತ್ತರವಕ್ಕೆ 18, ಬಿಡಿಯವಕ್ಕೆ 9, ಅಂದರೆ 54 ಮನೆ. ನಾಲ್ಕು ಪಟ್ಟಿಗಳಲ್ಲಿ ಎರಡು ನೂರು ಮತ್ತು ಒಂದು ಬಿಡಿ. ಒಂದು ಪಟ್ಟಿಯಲ್ಲಿ ಒಂದು ನೂರು ಮತ್ತು ಎರಡು ಹತ್ತು. ಎರಡು ಪಟ್ಟಿಗಳಲ್ಲಿ ಮೂರು ಹತ್ತು ಮತ್ತು ಒಂದು ಬಿಡಿ. ಕೊನೆಯದರಲ್ಲಿ ಎರಡು ಹತ್ತು ಮತ್ತು ಮೂರು ಬಿಡಿ. ಹೀಗೆ ಕತ್ತರಿಸಿದರೆ ಇಡೀ ಜೊತೆ ಎರಡೇ ಹಾಳೆಯಲ್ಲಿ ಮುಗಿದು, ಹತ್ತರ ಅಳತೆಯ ಒಂದು ತುಂಡು ಮಿಗುತ್ತದೆ. ಕಳೆದುಹೋದ ಕಾರ್ಡಿಗೆ ಅದು ಆದೀತು.

ಬಲ ಅಂಚು ಕೂಡಿಸುವುದನ್ನು ಚಿಕ್ಕ ಮಕ್ಕಳಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಒಂದು ರಟ್ಟಿನ ಕೆಳಗಂಚಿಗೂ ಬಲಗಂಚಿಗೂ ದಪ್ಪ ಪಟ್ಟಿ ಅಂಟಿಸಿ ಮೂಲೆ ಮಾಡಿಕೊಟ್ಟರೆ, ಕಾರ್ಡುಗಳನ್ನು ಆ ಮೂಲೆಗೆ ತಳ್ಳಿದಾಗ ಅವು ತಾವಾಗಿಯೇ ಕೂಡಿಕೊಳ್ಳುತ್ತವೆ.

ಅಂಟು

ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ಕದಡಿ, ಬಿಳುಪು ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸಬೇಕು. ಹುಳ ಹಿಡಿಯದಿರಲೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಬೆರಳು ಬಾಯಿಗೆ ಹಾಕುವ ಕೋಣೆಯಲ್ಲಿ ಬೇಡವೇ ಬೇಡ. ಬೇಕಾದಷ್ಟನ್ನೇ ಮಾಡಿ ಒಂದೆರಡು ದಿನದಲ್ಲಿ ಮುಗಿಸುವುದು ಒಳ್ಳೆಯದು.

ಇಡುವ ಕ್ರಮ

ಜೊತೆಗೊಂದು ಡಬ್ಬಿ ಅಥವಾ ದಪ್ಪ ಲಗ್ನಪತ್ರಿಕೆಯ ಲಕೋಟೆ ಸಾಕು. ಒಂದನೆಯ ತರಗತಿಯವರಿಗೆ ಓದಲು ಬಾರದಿರುವುದರಿಂದ ಹೊರಗೆ ಹೆಸರಿನ ಬದಲು ಚಿತ್ರ ಇರಲಿ, ಒಳಗೆ ಎಷ್ಟು ಇರಬೇಕೆಂಬ ಸಂಖ್ಯೆ ಮುಚ್ಚಳದ ಮೇಲಿರಲಿ. ಮರಳಿ ಇಡುವಾಗ ಎಣಿಸುವುದೂ ಗಣಿತದ ಅಭ್ಯಾಸವೇ ಆಗುತ್ತದೆ. ಆರು ಜೊತೆ ಕಾರ್ಡುಗಳಿದ್ದರೆ ಆರು ಬಣ್ಣದ ಚುಕ್ಕೆ ಆರಿಸಿಕೊಂಡು, ಒಂದು ಜೊತೆಯ ಪ್ರತಿ ಕಾರ್ಡಿನ ಬೆನ್ನಿಗೂ ಒಂದೇ ಬಣ್ಣ ಹಾಕಬೇಕು. ಚುಕ್ಕೆಯಿಲ್ಲದಿದ್ದರೆ ಕಸ ಗುಡಿಸುವಾಗ ಸಿಕ್ಕಿದ 30 ಯಾವ ಡಬ್ಬಿಯದೆಂದು ತಿಳಿಯಲು ಆರೂ ಡಬ್ಬಿಗಳನ್ನು ಸುರಿಯಬೇಕಾಗುತ್ತದೆ.

ಡಬ್ಬಿಗಳ ಜಾಗ ಮಕ್ಕಳ ಎದೆಮಟ್ಟಕ್ಕಿಂತ ಮೇಲೆ ಹೋಗಬಾರದು. ಬೀರುವಿನಲ್ಲಿ ಬೀಗ ಹಾಕಿಟ್ಟ ಸಾಮಗ್ರಿ ಹರಿಯುವುದಿಲ್ಲ, ನಿಜ, ಆದರೆ ಬಳಕೆಯೂ ಆಗುವುದಿಲ್ಲ. ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಮಳೆಗಾಲಕ್ಕೆ ಮೊದಲೇ ಕಾರ್ಡುಗಳ ಎರಡೂ ಬದಿಗೆ ಅಗಲವಾದ ಪಾರದರ್ಶಕ ಟೇಪ್ ಹಚ್ಚಿಡಬೇಕು, ಒಂದೇ ಬದಿಗೆ ಹಚ್ಚಿದರೆ ರಟ್ಟು ಬಾಗುತ್ತದೆ. ಕಡ್ಡಿಗಳಿಗೆ ಬೂಷ್ಟು ಬರುವುದರಿಂದ ಬಿಸಿಲು ಕಂಡ ದಿನ ಕಟ್ಟುಗಳನ್ನು ಬಿಚ್ಚಿ ಜಗಲಿಯಲ್ಲಿ ಹರಡಿದರೆ, ಸಂಜೆ ಮತ್ತೆ ಹತ್ತು ಹತ್ತಾಗಿ ಕಟ್ಟುವ ಕೆಲಸ ಎರಡನೆಯ ತರಗತಿಯವರ ಪಾಲಿಗೆ ಬರುತ್ತದೆ.