ಯೇಸು ದೇವರೇ ಆಗಿದ್ದರೆ ನಮ್ಮ ನೋವು ಅವನಿಗೆ ಹೇಗೆ ಗೊತ್ತು?

ಓದುಗರ ಪ್ರಶ್ನೆ: ಯೇಸು ನಮ್ಮ ಕಷ್ಟ ಬಲ್ಲವನು ಎಂದು ಸಭೆಯಲ್ಲಿ ಪದೇಪದೇ ಹೇಳುತ್ತಾರೆ. ಆದರೆ ಅವನು ದೇವರೇ ಅಲ್ಲವೇ? ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಮೊದಲೇ ಗೊತ್ತಿದ್ದವನ ನೋವು ನಮ್ಮ ನೋವಿನಷ್ಟು ನಿಜವೇ? ಅವನು ದೇವರೂ ಮನುಷ್ಯನೂ ಆಗಿರುವುದರಿಂದ ನನಗೆ ಸಿಗುವ ಸಮಾಧಾನವಾದರೂ ಏನು?

ಉತ್ತರ: ಈ ಪ್ರಶ್ನೆ ಕೇಳುವುದಕ್ಕೆ ಹಿಂಜರಿಯಬೇಕಾಗಿಲ್ಲ. ಇದಕ್ಕೆ ಅತಿ ಹತ್ತಿರದ ಉತ್ತರ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೇಥಾನ್ಯದ ಲಾಜರ ಕಾಯಿಲೆ ಬಿದ್ದಾಗ ಅವನ ಸಹೋದರಿಯರು ಯೇಸುವಿಗೆ ಹೇಳಿಕಳುಹಿಸುತ್ತಾರೆ. ಯೇಸು ಕೂಡಲೇ ಹೊರಡುವುದಿಲ್ಲ. ಇದ್ದಲ್ಲೇ ಇನ್ನೂ ಎರಡು ದಿನ ಇರುತ್ತಾನೆ. ಅವನು ಬಂದು ತಲುಪುವ ಹೊತ್ತಿಗೆ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿದೆ. ಮೊದಲು ಮಾರ್ಥ ಎದುರಿಗೆ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಬಂದ ಮರಿಯಳೂ ಅವನ ಪಾದಕ್ಕೆ ಬಿದ್ದು ಅದೇ ಮಾತು ಹೇಳುತ್ತಾಳೆ. ಆ ನಾಲ್ಕು ದಿನ ಮನೆಯಲ್ಲಿ ಇಬ್ಬರೂ ಇದೇ ಮಾತನ್ನು ಎಷ್ಟು ಸಲ ಆಡಿಕೊಂಡಿದ್ದರೋ ಏನೋ. ಒಂದೇ ದೂರಿಗೆ ಯೇಸು ಕೊಡುವ ಉತ್ತರ ಮಾತ್ರ ಎರಡು ಬಗೆ. ಮಾರ್ಥಳಿಗೆ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂದು ಹೇಳುತ್ತಾನೆ. ಮರಿಯಳಿಗೆ ಅಂಥ ಮಾತೇನೂ ಇಲ್ಲ. ಅವಳೂ ಜೊತೆಗೆ ಬಂದವರೂ ಅಳುವುದನ್ನು ಕಂಡು ಅವನ ಮನಸ್ಸು ಕಲಕುತ್ತದೆ. ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾನೆ, ಅಳುತ್ತಾನೆ.

ನೀವು ಕೇಳಿದ್ದಕ್ಕೆ ಉತ್ತರ ಇರುವುದು ಇಲ್ಲೇ. ಲಾಜರನನ್ನು ಎಬ್ಬಿಸಲು ಹೋಗುತ್ತಿದ್ದೇನೆಂದು ಯೇಸು ದಾರಿ ಹಿಡಿಯುವ ಮೊದಲೇ ಶಿಷ್ಯರಿಗೆ ಹೇಳಿದ್ದ. ಮುಂದೆ ಆಗುವುದು ಗೊತ್ತಿದ್ದೂ ಅತ್ತ. ಕೊನೆ ಗೊತ್ತಿದ್ದ ಮಾತ್ರಕ್ಕೆ ಅವನ ದುಃಖ ಹಗುರವಾಗಲಿಲ್ಲ. ಅದೇ ಮರಿಯಳ ಕಣ್ಣೆದುರಿನಲ್ಲೇ, ಅತ್ತವನೇ ಸಮಾಧಿಯ ಬಾಯಲ್ಲಿ ನಿಂತು, ಲಾಜರನೇ, ಹೊರಗೆ ಬಾ ಎಂದು ಕೂಗುತ್ತಾನೆ. ಅತ್ತದ್ದು ಮನುಷ್ಯ, ಕೂಗಿದ್ದು ದೇವರು ಎಂದು ಇಬ್ಬರನ್ನಾಗಿ ಮಾಡಬೇಡಿ. ಅತ್ತವನೂ ಕೂಗಿದವನೂ ಒಬ್ಬನೇ. ಕ್ರೈಸ್ತರ ಸಮಾಧಾನವೆಲ್ಲ ನಿಂತಿರುವುದು ಆ ಒಬ್ಬನ ಮೇಲೆ.

ಈ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸಭೆ ಮೊದಲ ಶತಮಾನಗಳಲ್ಲೇ ಕಂಡಿತ್ತು. ಯೇಸುವಿಗೆ ನಿಜವಾದ ದೇಹವೇ ಇರಲಿಲ್ಲ, ನೋವು ಪಟ್ಟಂತೆ ಕಂಡಿತು ಅಷ್ಟೇ ಎಂದು ಕೆಲವರು ಹೇಳಿದರು. ಹಾಗಾದರೆ ನಾವು ನಂಬುವುದು ನೋವೇ ತಿಳಿಯದ ದೇವರನ್ನು. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್, ದೇವರ ಮಗ ಸೃಷ್ಟಿಯಾದವರಲ್ಲೇ ಅತಿ ಶ್ರೇಷ್ಠ ಎಂದ. ಹಾಗಾದರೆ ನಮ್ಮ ಜೊತೆ ಅಳುವವನೇನೋ ಸಿಗುತ್ತಾನೆ, ಸಾವಿನ ಕೈಯಿಂದ ಬಿಡಿಸುವವನು ಸಿಗುವುದಿಲ್ಲ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು, ಅವನು ನಿಜ ದೇವರಿಂದ ಬಂದ ನಿಜ ದೇವರು ಎಂದು ವಿಶ್ವಾಸಪ್ರಮಾಣದಲ್ಲಿ ಬರೆದದ್ದು ಇದಕ್ಕೇ.

ಮೂರನೆಯ ತಪ್ಪು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಮನಸ್ಸಿನ ಬೇನೆಯಲ್ಲಿರುವವರು ಇದನ್ನು ತಿಳಿದಿರಲೇಬೇಕು ಎಂದು ನಮಗನ್ನಿಸುತ್ತದೆ. ಸಿರಿಯಾದ ಲವೊದಿಕೀಯದ ಬಿಷಪ್ ಅಪೊಲಿನಾರಿಸ್, ಯೇಸುವಿನ ದೇಹ ಮನುಷ್ಯರದೇ, ಆದರೆ ಮನುಷ್ಯನ ಮನಸ್ಸು ಇರಬೇಕಾದ ಜಾಗದಲ್ಲಿ ಅವನಲ್ಲಿ ದೈವಿಕ ವಾಕ್ಯ (ದೇವರ ಮಗನಿಗೆ ಯೋಹಾನನ ಸುವಾರ್ತೆ ಕೊಡುವ ಹೆಸರು) ಇತ್ತು ಎಂದು ಕಲಿಸಿದ. ಅದಕ್ಕೆ ನಾಜಿಯಾಂಜಸ್‌ನ ಗ್ರೆಗರಿ ಎಂಬ ಬಿಷಪ್ ಕೊಟ್ಟ ಉತ್ತರ ಇಂದಿಗೂ ಉಳಿದಿದೆ: ಕ್ರಿಸ್ತನು ಯಾವುದನ್ನು ತನ್ನದಾಗಿಸಿಕೊಳ್ಳಲಿಲ್ಲವೋ ಅದು ವಾಸಿಯಾಗಿಲ್ಲ. ಅವನಿಗೆ ಮನುಷ್ಯನ ಮನಸ್ಸೇ ಇರದಿದ್ದರೆ ನಮ್ಮ ಭಯ, ಕಳವಳ, ಒಳಗೊಳಗೇ ಕುಸಿಯುವ ಆ ಸ್ಥಿತಿ ಅವನಿಗೆ ಹೊರಗಿನದೇ ಆಗಿ ಉಳಿಯುತ್ತಿತ್ತು. ಸೆರೆಯಾಗುವ ಮುನ್ನ ಪ್ರಾರ್ಥಿಸಿದ ಗೆತ್ಸೇಮನೆಯಲ್ಲಿ ಅವನು ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಶಿಷ್ಯರ ಹತ್ತಿರ ಬಾಯಿಬಿಟ್ಟು ಹೇಳಿಕೊಂಡದ್ದಕ್ಕೂ ಅರ್ಥವಿರುತ್ತಿರಲಿಲ್ಲ. ಅಪೊಲಿನಾರಿಸನ ಬೋಧನೆಯನ್ನು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಮ್ಮೇಳನ ತಳ್ಳಿಹಾಕಿತು.

451ರಲ್ಲಿ ಕಾಲ್ಸೆಡನ್ ಸಮ್ಮೇಳನ ಇದನ್ನೆಲ್ಲ ಒಂದು ಸೂತ್ರಕ್ಕೆ ತಂದಿತು: ವ್ಯಕ್ತಿ ಒಬ್ಬನೇ, ಸ್ವಭಾವ ಎರಡು, ಅವು ಒಂದರಲ್ಲೊಂದು ಬೆರೆತುಹೋಗುವುದಿಲ್ಲ, ಮಾರ್ಪಡುವುದಿಲ್ಲ, ಹೋಳಾಗುವುದಿಲ್ಲ, ಅಗಲುವುದಿಲ್ಲ. ಕಾಪ್ಟಿಕ್, ಆರ್ಮೇನಿಯನ್, ಸಿರಿಯನ್ ಆರ್ಥಡಾಕ್ಸ್ ಸಭೆಗಳು ಈ ಸೂತ್ರವನ್ನು ಒಪ್ಪಲಿಲ್ಲ. ಆದರೂ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂಬುದನ್ನು ಅವೂ ಗಟ್ಟಿಯಾಗಿ ಸಾರುತ್ತವೆ. ಅರ್ಧ ದೇವರು, ಅರ್ಧ ಮನುಷ್ಯ ಎಂದು ಲೆಕ್ಕ ಹಾಕುವವರು ಇವತ್ತಿಗೂ ಇದ್ದಾರೆ; ಹಾಗೆಂದು ಯಾವ ಸಭೆಯೂ ಕಲಿಸಿಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆಯಿದೆ. ಅವನು ಪಾಪವನ್ನೇ ಮಾಡದವನು. ಶೋಧನೆಯ, ಅಂದರೆ ಪಾಪದ ಸೆಳೆತದ, ಜಗ್ಗಾಟ ಅವನಿಗೆ ಹೇಗೆ ಗೊತ್ತು? ಭಾರ ಹೊತ್ತು ಹೊರಟವರಲ್ಲಿ ಅರ್ಧ ದಾರಿಗೇ ಇಳಿಸಿಬಿಟ್ಟವನಿಗೆ ಆ ಭಾರ ಪೂರ್ತಿ ತಿಳಿಯುವುದಿಲ್ಲ, ಕೊನೆಯವರೆಗೆ ಹೊತ್ತವನಿಗೇ ಅದು ಗೊತ್ತು. ನಾವು ಶೋಧನೆಗೆ ಸೋತ ಕ್ಷಣವೇ ಅದರ ಒತ್ತಡ ಸಡಿಲವಾಗುತ್ತದೆ. ಸೋಲದವನ ಮೇಲೆ ಅದು ಕೊನೆಯ ತನಕ ಬಿಗಿಯುತ್ತಲೇ ಹೋಗುತ್ತದೆ. ನಲವತ್ತು ದಿನ ಉಪವಾಸವಿದ್ದು ಹಸಿದವನಿಗೆ ಸೈತಾನ ಮೊದಲು ಎತ್ತಿದ್ದೇ ರೊಟ್ಟಿಯ ಮಾತು. ಆದ್ದರಿಂದ ಇಬ್ರಿಯರಿಗೆ ಬರೆದ ಪತ್ರಿಕೆ 2:18ನ್ನು ಬಿದ್ದ ಮೇಲೆ ಓದುವ ವಚನವಾಗಿ ಮಾತ್ರ ಇಟ್ಟುಕೊಳ್ಳಬೇಡಿ. ಮನಸ್ಸು ಜಾರತೊಡಗಿದ ಕ್ಷಣದಲ್ಲೇ ಅದನ್ನು ಹಿಡಿದು ಪ್ರಾರ್ಥಿಸಿ. ಶೋಧನೆಯಲ್ಲಿ ಇರುವವರಿಗೆ ಸಹಾಯ ಮಾಡಬಲ್ಲನು ಎಂದೇ ಅಲ್ಲಿ ಹೇಳಿದೆ.

ಅಪರಾಧದ ಕೊರಗು ಬೇರೆಯೇ ವಿಷಯ. ಅಲ್ಲಿ ನಮಗೆ ಬೇಕಾದದ್ದು ನಮ್ಮಂತೆಯೇ ತಪ್ಪು ಮಾಡಿದ ಗೆಳೆಯನಲ್ಲ, ಕ್ಷಮಿಸುವ ಅಧಿಕಾರ ಉಳ್ಳವನು. ಮಾರ್ಕ 2ರಲ್ಲಿ ನಾಲ್ಕು ಜನ ಮಾಳಿಗೆ ತೆಗೆದು ಪಾರ್ಶ್ವವಾಯು ರೋಗಿಯನ್ನು ಕೆಳಗಿಳಿಸಿದಾಗ, ಯೇಸು ಮೊದಲು ಹೇಳಿದ್ದು ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ದೇವರೊಬ್ಬನೇ ಹೊರತು ಪಾಪ ಕ್ಷಮಿಸುವವರು ಯಾರು ಎಂದು ಅಲ್ಲಿ ಕೂತಿದ್ದ ಶಾಸ್ತ್ರಿಗಳು ಮನಸ್ಸಿನಲ್ಲೇ ಅಂದುಕೊಂಡರು. ಅವರು ಹಿಡಿದ ತತ್ವ ಸರಿಯಾಗಿತ್ತು. ಎದುರಿಗೆ ನಿಂತವನನ್ನು ಗುರುತಿಸಲಿಲ್ಲ ಅಷ್ಟೇ. ಪ್ರಾಟೆಸ್ಟೆಂಟ್ ಬೋಧನೆಯ ಪುಸ್ತಕವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವೂ ಇದೇ ದಾರಿಯಲ್ಲಿ ಹೋಗುತ್ತದೆ: ಪಾಪ ಮಾಡಿದ್ದು ಮನುಷ್ಯ ಸ್ವಭಾವ, ಆದ್ದರಿಂದ ಅದರ ಸಾಲ ತೀರಿಸುವವನು ನಿಜ ಮನುಷ್ಯನಾಗಿರಬೇಕು, ಆ ಭಾರ ತಾಳಿಕೊಂಡು ಜೀವ ಮರಳಿ ಕೊಡಲು ನಿಜ ದೇವರೂ ಆಗಿರಬೇಕು.

ಹೆಚ್ಚಿನವರು ಮರೆಯುವ ಒಂದು ಸಂಗತಿಯಿದೆ. ಯೇಸು ಮೂವತ್ತು ಚಿಲ್ಲರೆ ವರ್ಷ ಮನುಷ್ಯನಾಗಿದ್ದು ಆಮೇಲೆ ಅದನ್ನು ಕಳಚಿಟ್ಟು ಹೋದನೆಂದು ನಾವು ನಂಬುವುದಿಲ್ಲ. ಎದ್ದ ಮೇಲೂ ಅವನು ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದ, ಮೊಳೆಯ ಗಾಯಗಳನ್ನು ತೋಮನಿಗೆ ತೋರಿಸಿದ. ಸ್ವರ್ಗಕ್ಕೆ ಏರಿದ್ದು ಆ ಗಾಯಗಳಿದ್ದ ದೇಹವೇ. ಇಂದು ನಮಗಾಗಿ ತಂದೆಯ ಮುಂದೆ ವಿಜ್ಞಾಪನೆ ಮಾಡುವ ಮಹಾಯಾಜಕ ಈಗಲೂ ಮನುಷ್ಯನೇ. ಸುವಾರ್ತೆಗಳಲ್ಲಿ ಅವನಿಗೆ ಮುಪ್ಪು ಬರಲಿಲ್ಲ, ಹೆರಿಗೆಯ ನೋವು ಅವನದಲ್ಲ, ನಿಮ್ಮದೇ ಕಾಯಿಲೆ ಅವನಿಗಿದ್ದ ಉಲ್ಲೇಖವೂ ಇಲ್ಲ. ಇಂಥದನ್ನು ಒಂದೊಂದಾಗಿ ಹೋಲಿಸುತ್ತ ಕೂತರೆ ಸಮಾಧಾನ ಸಿಗುವುದಿಲ್ಲ. ದೇಹ ಸೋಲುವುದು, ಆಪ್ತರು ಕೈಬಿಡುವುದು, ದೇವರೇ ದೂರವಾದಂತೆ ಅನ್ನಿಸುವುದು ಇವುಗಳನ್ನು ಅವನು ಒಳಗಿನಿಂದ ಬಲ್ಲ. ಉಳಿದಂತೆ ನಿಮ್ಮ ಎದೆಯ ಮೂಲೆಮೂಲೆಯನ್ನೂ ಸೃಷ್ಟಿಕರ್ತನಾಗಿ ಬಲ್ಲ.

ಇದನ್ನು ಪ್ರಾರ್ಥನೆಗೆ ತರುವುದು ಹೇಗೆ? ಸಾವಿನ ದುಃಖದಲ್ಲಿದ್ದರೆ ಯೋಹಾನ 11:17ರಿಂದ 44ರವರೆಗೆ ಗಟ್ಟಿಯಾಗಿ ಓದಿ. 21 ಮತ್ತು 32ನೆಯ ವಚನಗಳಲ್ಲಿ ನಿಂತು, ನೀನು ಇಲ್ಲಿ ಇದ್ದಿದ್ದರೆ ಎಂಬ ನಿಮ್ಮದೇ ದೂರನ್ನು ಅವನ ಮುಂದಿಡಿ. ಆ ಇಬ್ಬರನ್ನೂ ಅವನು ಗದರಲಿಲ್ಲ. 35ನೆಯ ವಚನ ದಾಟುವುದಕ್ಕೆ ಅವಸರ ಬೇಡ. ಕಡೆಯಲ್ಲಿ ಇಬ್ರಿಯ 4:14–16 ಓದಿ, ಆ ದಿನಕ್ಕೆ ಬೇಕಾದ ಒಂದು ಸಹಾಯವನ್ನು ಹೆಸರಿಟ್ಟು ಕೇಳಿ. ನಿದ್ದೆಯಾಗಲಿ, ಒಂದು ಪತ್ರಕ್ಕೆ ಸಹಿ ಹಾಕುವ ಬಲವಾಗಲಿ. ಭಯದಲ್ಲಿದ್ದರೆ ಮಾರ್ಕ 4:35–41 ತೆಗೆಯಿರಿ: ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ ಹೋದವನೇ ಎದ್ದು ಗಾಳಿಯನ್ನು ಗದರಿಸುತ್ತಾನೆ. ಮನಸ್ಸಿನ ಬೇನೆ ವಾರಗಟ್ಟಲೆ ಬಿಡದಿದ್ದರೆ ವೈದ್ಯರನ್ನೂ ಕಾಣಿ. ಅದು ನಂಬಿಕೆಯ ಕೊರತೆಯಲ್ಲ. ಸಾವಾದ ಮನೆಗೆ ಹೋದಾಗ ಇದರಲ್ಲಿ ದೇವರ ಯೋಜನೆಯಿದೆ ಎಂದು ಬಾಗಿಲಲ್ಲೇ ಹೇಳಬೇಡಿ. ಆ ಯೋಜನೆ ಪೂರ್ತಿ ಗೊತ್ತಿದ್ದವನೂ ಬೇಥಾನ್ಯದಲ್ಲಿ ಮೊದಲು ಅತ್ತ.

ಕೇಳಿದ್ದು ಸಿಗದೇ ಹೋದಾಗ ಮಾರ್ಕ 14:32–42 ಓದಿ. ಈ ಪಾತ್ರೆಯನ್ನು, ಅಂದರೆ ಮುಂದಿರುವ ಸಂಕಟವನ್ನು, ನನ್ನಿಂದ ತೊಲಗಿಸು ಎಂದು ಬೇಡಿಕೊಂಡವನು ದೇವರ ಸ್ವಂತ ಮಗ. ಶಿಷ್ಯರ ಬಳಿ ಬಂದಾಗಲೆಲ್ಲ ಅವರು ನಿದ್ದೆಯಲ್ಲಿದ್ದರು. ಪಾತ್ರೆ ತೊಲಗಲಿಲ್ಲ. ಲೂಕನ ಪ್ರಕಾರ ಅವನಿಗೆ ಸಿಕ್ಕಿದ್ದು ಬಲಪಡಿಸಲು ಬಂದ ಒಬ್ಬ ದೇವದೂತ. ನಿಮ್ಮ ಮೊರೆಗೆ ಇನ್ನೂ ಉತ್ತರ ಬಾರದಿರುವುದನ್ನು ದೇವರು ನಿಮ್ಮನ್ನು ತಳ್ಳಿಬಿಟ್ಟ ಗುರುತೆಂದು ತಿಳಿಯಬೇಕಾಗಿಲ್ಲ.

ತಂದೆಯನ್ನು ಕರೆಯಬೇಕೋ ನೇರವಾಗಿ ಯೇಸುವನ್ನೇ ಕರೆಯಬಹುದೋ ಎಂದೂ ಹಲವರು ಕೇಳುತ್ತಾರೆ. ಸಭೆಯ ವಾಡಿಕೆ ಮಗನ ಮೂಲಕ, ಪವಿತ್ರಾತ್ಮನಲ್ಲಿ, ತಂದೆಗೆ ಪ್ರಾರ್ಥಿಸುವುದು. ಯೇಸುವನ್ನೇ ಕರೆದರೂ ತಪ್ಪಿಲ್ಲ: ಕಲ್ಲೆಸೆತಕ್ಕೆ ಸಿಕ್ಕಿ ಸಾಯುವಾಗ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನ ಕರೆದದ್ದು ಯೇಸುವಿನ ಹೆಸರನ್ನೇ.